ಆಫೀಸಿಗೊಂದು ಸ್ವಂತ ಚಾಟ್ ಸರ್ವರ್: ಕೊಡಗಿನ ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಕೊಡಗಿನಿಂದ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ವ್ಯವಹಾರದ ಮಾತುಕತೆಗೆ ತಮ್ಮದೇ ಮೆಸೇಜಿಂಗ್ ಸರ್ವರ್ ಇಟ್ಟುಕೊಳ್ಳುವುದು ಹೇಗೆ, ಇಟ್ಟಮೇಲೆ ಅದು ಕೈಕೊಟ್ಟರೆ ಏನು ಮಾಡಬೇಕು ಎಂದು ಓದುಗರು ಕೇಳಿದ್ದಾರೆ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಮಾಡಿದ್ದೇವೆ.

ಪ್ರಶ್ನೆ: ಆಫೀಸು, ತೂಕದ ಕೋಣೆ, 250 ಮೀಟರ್ ಆಚೆ ಇರುವ ಗೋಡೌನು ಸೇರಿ ನಾವು 22 ಜನ. ದಿನದ ರೇಟು, ಔಟ್‌ಟರ್ನ್ ಲೆಕ್ಕ, ಲಾರಿ ಚಲನ್ ಎಲ್ಲವೂ ವಾಟ್ಸಾಪ್ ಗ್ರೂಪಿನಲ್ಲೇ ಓಡಾಡುತ್ತವೆ. ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ತುಂಡಾದರೆ ನಮ್ಮದೇ ಗೋಡೌನಿಗೂ ಮೆಸೇಜು ಹೋಗುವುದಿಲ್ಲ. ಸ್ವಂತ ಸರ್ವರ್ ಹಾಕಿದರೆ ಸರಿಹೋದೀತೇ? ಯಾವ ಸಾಫ್ಟ್‌ವೇರ್, ಎಂಥ ಮೆಷಿನ್?
– ಕಾಫಿ, ಕಾಳುಮೆಣಸು ವ್ಯಾಪಾರಿ, ಗೋಣಿಕೊಪ್ಪಲು

ನಿಮ್ಮ ಕಾಂಪೌಂಡಿನ ಮಟ್ಟಿಗೆ ಸರಿಹೋಗುತ್ತದೆ. ವಾಟ್ಸಾಪಿನಲ್ಲಿ ಪಕ್ಕದ ಮೇಜಿಗೆ ಕಳಿಸಿದ್ದೂ ಎಲ್ಲೋ ಇರುವ ಸರ್ವರ್ ಮುಟ್ಟಿ ವಾಪಸ್ ಬರಬೇಕು. ಸರ್ವರ್ ನಿಮ್ಮ ಕಟ್ಟಡದಲ್ಲೇ ಇದ್ದರೆ ಮೆಸೇಜು ನಿಮ್ಮ ನೆಟ್‌ವರ್ಕ್ ಸ್ವಿಚ್ಚು ದಾಟುವುದಿಲ್ಲ. ಹಾಗಾಗಿ ಇಂಟರ್ನೆಟ್ ಇರಲಿ ಬಿಡಲಿ, ಆಫೀಸಿಗೂ ಗೋಡೌನಿಗೂ ಮಾತು ನಡೆಯುತ್ತದೆ. ಆದರೆ ಲೈನ್ ಹೋದ ಹೊತ್ತಿನಲ್ಲಿ ಹುಣಸೂರು ದಾಟಿರುವ ಲಾರಿ ಡ್ರೈವರಿಗೆ ಅದು ತಲುಪದು. ಅವರಿಗೆ ಫೋನೇ ಮಾಡಬೇಕು.

ಸಾಫ್ಟ್‌ವೇರಿನ ವಿಷಯಕ್ಕೆ ಬಂದರೆ, ಎಕ್ಸ್‌ಎಂಪಿಪಿ ಎಂಬ ಮೆಸೇಜಿಂಗ್ ಪದ್ಧತಿಯನ್ನು ನಂಬಿ. 1999ರಲ್ಲಿ ಜಾಬರ್ ಎಂಬ ಹೆಸರಿನಲ್ಲಿ ಶುರುವಾದ ಈ ಪದ್ಧತಿ 2004ರಲ್ಲಿ ಐಇಟಿಎಫ್ (ಇಂಟರ್ನೆಟ್ಟಿನ ನಿಯಮ ರೂಪಿಸುವ ಸಂಸ್ಥೆ) ಮಾನದಂಡವಾಯಿತು. ಸರ್ವರ್ ಒಬ್ಬರದು, ಫೋನಿನ ಆ್ಯಪ್ ಇನ್ನೊಬ್ಬರದು ಆದರೂ ನಡೆಯುತ್ತದೆ. ನಾಳೆ ಒಂದು ಆ್ಯಪ್ ನಿಂತುಹೋದರೆ ಮತ್ತೊಂದು ಹಾಕಿಕೊಂಡರಾಯಿತು. ಸರ್ವರ್‌ಗಳಲ್ಲಿ ಪ್ರೊಸೋಡಿ, ಇಜಾಬರ್‌ಡಿ, ಓಪನ್‌ಫೈರ್ ಮೂರೂ ಉಚಿತ. ಇಜಾಬರ್‌ಡಿ ಸಾವಿರಾರು ಜನರ ಸಂಸ್ಥೆಗಳಿಗೆ ಹೇಳಿ ಮಾಡಿಸಿದ್ದು. ಓಪನ್‌ಫೈರ್‌ನಲ್ಲಿ ಎಲ್ಲವನ್ನೂ ಬ್ರೌಸರಿನಲ್ಲೇ ಮಾಡಬಹುದು, ಆದರೆ ಜಾವಾ ಬೇಕು, ರ್‍ಯಾಮ್ ಹೆಚ್ಚು ತಿನ್ನುತ್ತದೆ. 22 ಜನಕ್ಕೆ ಪ್ರೊಸೋಡಿ ಸಾಕು. ಮ್ಯಾಟ್ರಿಕ್ಸ್ ಎಂಬ ಇನ್ನೊಂದು ಪದ್ಧತಿ ಹಾಕಿ ಎಂದು ನಿಮಗೆ ಯಾರಾದರೂ ಹೇಳಬಹುದು. ಒಳ್ಳೆಯದೇ, ಆದರೆ ಅದರ ಸಿನಾಪ್ಸ್ ಸರ್ವರ್ ಮತ್ತು ಡೇಟಾಬೇಸು ನೋಡಿಕೊಳ್ಳಲು ತಿಳಿದವರೊಬ್ಬರು ಕೈಗೆಟುಕುವಂತಿರಬೇಕು.

ಮೆಷಿನ್ ಹೊಸದು ಬೇಡ. 4 ಜಿಬಿ ರ್‍ಯಾಮ್, 128 ಜಿಬಿ ಎಸ್‌ಎಸ್‌ಡಿ ಇರುವ ಹಳೆಯ ಮಿನಿ ಪಿಸಿ ಧಾರಾಳವಾಯಿತು. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಕೂಡ ನಡೆಯುತ್ತದೆ, ಆದರೆ ಎರಡು ಎಚ್ಚರಿಕೆ. ಮೆಮೊರಿ ಕಾರ್ಡಿನ ಮೇಲೆ ಓಡಿಸಬೇಡಿ. ಪದೇ ಪದೇ ಕರೆಂಟು ಹೋಗುವಲ್ಲಿ ಮೊದಲು ಸಾಯುವುದೇ ಆ ಕಾರ್ಡು. ಎರಡನೆಯದು, ಪೈ 4ರ ವರೆಗಿನ ಬೋರ್ಡುಗಳಲ್ಲಿ ಬ್ಯಾಟರಿ ಮೇಲೆ ನಡೆಯುವ ಗಡಿಯಾರವಿಲ್ಲ. ಕರೆಂಟೂ ನೆಟ್ಟೂ ಒಟ್ಟಿಗೆ ಹೋಗಿ ಕರೆಂಟು ಮಾತ್ರ ಬಂದರೆ ಪೈ ಹಳೆಯ ಸಮಯದಲ್ಲೇ ಎದ್ದು ಕೂರುತ್ತದೆ. ಆಗ ಸಂಜೆಯ ತೂಕದ ಮೆಸೇಜು ಬೆಳಗಿನ ಮೆಸೇಜಿಗಿಂತ ಮೇಲೆ ಕಾಣಿಸಿಕೊಂಡು ಲೆಕ್ಕ ಗೋಜಲಾಗುತ್ತದೆ. ಪೈ ಬಳಸುವುದಾದರೆ ಡಿಎಸ್3231 ಗಡಿಯಾರದ ಮಾಡ್ಯೂಲ್ ಸೇರಿಸಿ.

ಇನ್ನು ಹಾಕುವ ಕ್ರಮ. ಡೆಸ್ಕ್‌ಟಾಪ್ ಇಲ್ಲದ ಬರಿಯ ಡೆಬಿಯನ್ (ಉಚಿತ ಲಿನಕ್ಸ್) ಹಾಕಿ. ಮೆಷಿನ್ನಿಗೆ ರೂಟರಿನಲ್ಲಿ ಒಂದೇ ವಿಳಾಸ ಕಾಯಂ ಮಾಡಿ, 192.168.1.10 ಎಂದಿಟ್ಟುಕೊಳ್ಳೋಣ. ವೈಫೈ ಬೇಡ, ಕೇಬಲ್ಲೇ ಚುಚ್ಚಿ. ಡೆಬಿಯನ್ನಿನ ಭಂಡಾರದಿಂದಲೇ ಪ್ರೊಸೋಡಿ ಇಳಿಸಿ. 0.12 ಅಥವಾ ಅದರ ಮುಂದಿನ 13.0 ಸಿಗುತ್ತದೆ, ಯಾವುದಾದರೂ ಸರಿ.

ಇಟಿಸಿ ಫೋಲ್ಡರಿನಲ್ಲಿರುವ ಒಂದೇ ಕಾನ್ಫಿಗ್ ಫೈಲಿನಲ್ಲಿ ಎಲ್ಲ ಇರುತ್ತದೆ. ಎರಡು ಅಡ್ಡಗೆರೆಯಿಂದ ಶುರುವಾಗುವ ಸಾಲನ್ನು ಸರ್ವರ್ ಓದುವುದಿಲ್ಲ, ಗೆರೆ ತೆಗೆದರೆ ಓದುತ್ತದೆ. ಮಾಡ್ಯೂಲ್ ಪಟ್ಟಿಯಲ್ಲಿ ಐದು ಇವೆಯೇ ನೋಡಿ: ಹಳೆಯ ಮೆಸೇಜು ಕಾದಿಡುವ ಮ್ಯಾಮ್, ಒಂದೇ ಖಾತೆಯ ಫೋನಿಗೂ ಪಿಸಿಗೂ ಪ್ರತಿ ಕಳಿಸುವ ಕಾರ್ಬನ್ಸ್, ಸಿಗ್ನಲ್ ತುಂಡಾದಾಗ ಮೆಸೇಜು ಕಳೆಯದಂತೆ ಹಿಡಿಯುವ ಸ್ಮ್ಯಾಕ್ಸ್, ಫೋನಿನ ಬ್ಯಾಟರಿ ಉಳಿಸುವ ಸಿಎಸ್‌ಐ ಸಿಂಪಲ್, ಎಲ್ಲರ ಪಟ್ಟಿಯಲ್ಲೂ ಎಲ್ಲರ ಹೆಸರು ತಾನಾಗಿ ಬರುವಂತೆ ಮಾಡುವ ಗ್ರೂಪ್ಸ್. ಕೊನೆಯದು ಇಲ್ಲದಿದ್ದರೆ 22 ಜನರೂ ಒಬ್ಬರನ್ನೊಬ್ಬರು ಸೇರಿಸಿಕೊಳ್ಳುತ್ತ ಕೂರಬೇಕು. ಹೊರಗಿನವರು ಖಾತೆ ತೆರೆಯುವ ಅವಕಾಶ ಮುಚ್ಚಿ, ಎನ್‌ಕ್ರಿಪ್ಶನ್ ಕಡ್ಡಾಯ ಮಾಡಿ. ಬೇರೆ ಸಂಸ್ಥೆಗಳ ಸರ್ವರ್ ಜೊತೆ ಮಾತು ಬೇಡವಾದರೆ ಎಸ್2ಎಸ್ ಮಾಡ್ಯೂಲನ್ನೂ ನಿಲ್ಲಿಸಿ. ಆಗ 5269 ಪೋರ್ಟಿನ ಗೊಡವೆ ಇರುವುದಿಲ್ಲ, ಫೋನು ಮತ್ತು ಪಿಸಿಗಳ ಮೆಸೇಜಿಗೆ ಬೇಕಾದ 5222 ಸಾಕು (ಫೋಟೋದ ಪೋರ್ಟ್ ಬೇರೆ, ಮುಂದೆ ಹೇಳಿದ್ದೇವೆ).

ಬಹಳ ಜನ ಎಡವುವ ಜಾಗ ಇದೇ ಫೈಲಿನಲ್ಲಿದೆ. ನಿಮ್ಮ ಡೊಮೇನ್ ಹೆಸರು ಬರೆಯುವ ವರ್ಚುವಲ್‌ಹೋಸ್ಟ್ ಎಂಬ ಸಾಲಿನ ಕೆಳಗೆ ಬರೆದದ್ದೆಲ್ಲ ಆ ಹೋಸ್ಟಿಗೆ ಮಾತ್ರ ಸೇರುತ್ತದೆ. ಫೈಲಿನ ಕೊನೆಗೆ ಹೋಗಿ ಸೆಟ್ಟಿಂಗ್ ಸೇರಿಸಿದರೆ ಅದು ಇಡೀ ಸರ್ವರಿಗೆ ಲಾಗುವಾಗದು, ಎರರೂ ಬರದು. ಎಲ್ಲಕ್ಕೂ ಸೇರುವ ಸೆಟ್ಟಿಂಗುಗಳು ಮೊದಲ ವರ್ಚುವಲ್‌ಹೋಸ್ಟ್ ಸಾಲಿಗಿಂತ ಮೇಲಿರಲಿ. ಫೋನಿನಿಂದ ಕಾಪಿ ಮಾಡಿದ ಬಾಗಿದ ಉದ್ಧರಣ ಚಿಹ್ನೆ, ಮರೆತುಹೋದ ಅಲ್ಪವಿರಾಮ – ಇವೂ ಸರ್ವರ್ ಏಳದಂತೆ ಮಾಡುತ್ತವೆ. ರೀಸ್ಟಾರ್ಟ್ ಮಾಡುವ ಮೊದಲು, ಪ್ರೊಸೋಡಿ ನಿರ್ವಹಣೆಯ ಸಾಧನವಾದ ಪ್ರೊಸೋಡಿಸಿಟಿಎಲ್‌ನ ಚೆಕ್ ಆದೇಶ ಕೊಟ್ಟರೆ ಇಂಥವನ್ನು ಸಾಲಿನ ಸಮೇತ ತೋರಿಸುತ್ತದೆ.

ಖಾತೆಗಳನ್ನು ಅದರ ಆಡ್‌ಯೂಸರ್ ಆದೇಶದಿಂದ ಒಂದೊಂದಾಗಿ ಮಾಡಿ. ತೂಕದ ಕೋಣೆಗೆ ವ್ಯಕ್ತಿಯ ಹೆಸರಿನ ಬದಲು ಕೋಣೆಯ ಹೆಸರಿನದೇ ಖಾತೆ ಇಡುವುದು ಮೇಲು. ರೈಟರ್ (ಗುಮಾಸ್ತ) ಬದಲಾದರೂ ಹಿಂದಿನ ಮಾತುಕತೆ ಅಲ್ಲೇ ಇರುತ್ತದೆ. ವಿಂಡೋಸ್ ಪಿಸಿಗೆ ಗಾಜಿಮ್, ಆಂಡ್ರಾಯ್ಡ್ ಫೋನಿಗೆ ಕಾನ್ವರ್ಸೇಶನ್ಸ್, ಐಫೋನಿಗೆ ಮೋನಲ್ ಹಾಕಿ. ಕಾನ್ವರ್ಸೇಶನ್ಸ್‌ಗೆ ಪ್ಲೇ ಸ್ಟೋರಿನಲ್ಲಿ ದುಡ್ಡು ಕೊಡಬೇಕು, ಎಫ್-ಡ್ರಾಯ್ಡ್ ಎಂಬ ಇನ್ನೊಂದು ಆ್ಯಪ್ ಭಂಡಾರದಲ್ಲಿ ಅದೇ ಆ್ಯಪ್ ಉಚಿತ.

ಪ್ರಶ್ನೆ: ಸರ್ವರ್ ಮೊಬೈಲ್ ಡೇಟಾದಲ್ಲಿ ಸರಿಯಾಗಿ ಸಿಗುತ್ತದೆ. ಆಫೀಸಿನ ವೈಫೈಗೆ ಬಂದ ಕೂಡಲೇ "ಕನೆಕ್ಟಿಂಗ್" ಎಂದು ನಿಂತುಬಿಡುತ್ತದೆ. – ಕುಶಾಲನಗರ
ನಮ್ಮಲ್ಲಿ ತಿರುಗುಮುರುಗು. ಆಫೀಸಿನಲ್ಲಿ ಸರಿ, ಹೊರಗೆ ಸಿಗುವುದಿಲ್ಲ. ಪೋರ್ಟ್ ಫಾರ್ವರ್ಡ್ ಮಾಡಿದ್ದೇವೆ. – ಸೋಮವಾರಪೇಟೆ

ಕುಶಾಲನಗರದವರ ತೊಂದರೆ ರೂಟರಿನದು. ಸರ್ವರಿನ ಹೆಸರು ಕೇಳಿದಾಗ ಫೋನಿಗೆ ಸಿಗುವುದು ನಿಮ್ಮ ಲೈನಿನ ಹೊರಗಿನ ವಿಳಾಸ. ಒಳಗಿನಿಂದ ಹೊರಟು ಹೊರಗಿನ ವಿಳಾಸ ಮುಟ್ಟಿ ಮತ್ತೆ ಒಳಗೆ ಬರುವ ತಿರುವನ್ನು ಅಗ್ಗದ ರೂಟರುಗಳಲ್ಲಿ ಹಲವು ಬಿಡುವುದಿಲ್ಲ. ಒಳಗಿನ ಡಿಎನ್‌ಎಸ್‌ನಲ್ಲಿ (ಹೆಸರಿಗೆ ವಿಳಾಸ ಹೇಳುವ ಸೇವೆ) ಅದೇ ಹೆಸರಿಗೆ 192.168.1.10 ಎಂದು ಬರೆದರೆ ಮುಗಿಯಿತು. ರೂಟರಿನಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಸರ್ವರ್ ಮೆಷಿನ್ನಿನಲ್ಲೇ ಡಿಎನ್‌ಎಸ್‌ಮ್ಯಾಸ್ಕ್ ಎಂಬ ಚಿಕ್ಕ ಡಿಎನ್‌ಎಸ್ ಸಾಫ್ಟ್‌ವೇರ್ ಹಾಕಿ, ಫೋನುಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿಯಲ್ಲಿ ಅದನ್ನೇ ಡಿಎನ್‌ಎಸ್ ಎಂದು ಕೊಡಿ. ಇದು ಬರಿಯ ಅನುಕೂಲದ ಮಾತಲ್ಲ. ಇಂಟರ್ನೆಟ್ ಹೋದಾಗ ಹೊರಗಿನ ಡಿಎನ್‌ಎಸ್ ಸಿಗುವುದಿಲ್ಲ. ಹೆಸರು ಒಳಗೇ ತಿಳಿಯದಿದ್ದರೆ ಸರ್ವರ್ ಮುಂದಿನ ಕೋಣೆಯಲ್ಲಿ ಓಡುತ್ತಿದ್ದರೂ ಫೋನಿಗೆ ದಾರಿ ಗೊತ್ತಾಗುವುದಿಲ್ಲ. ಇಷ್ಟಾದರೂ ಒಂದೆರಡು ಫೋನುಗಳು ಮಾತ್ರ ಹಟ ಹಿಡಿದರೆ, ಆಂಡ್ರಾಯ್ಡ್‌ನ ಪ್ರೈವೇಟ್ ಡಿಎನ್‌ಎಸ್‌ನಲ್ಲಿ ಯಾರಾದರೂ ಬೇರೆ ಹೆಸರು ತುಂಬಿದ್ದಾರೆಯೇ ನೋಡಿ. ತುಂಬಿದ್ದರೆ ಫೋನು ನಿಮ್ಮ ಡಿಎನ್‌ಎಸ್ ಕೇಳುವುದೇ ಇಲ್ಲ.

ಸೋಮವಾರಪೇಟೆಯವರು ರೂಟರಿನ ವ್ಯಾನ್ (ಹೊರಗಿನ ಲೈನಿನ ಕಡೆಯ) ವಿಳಾಸ ಓದಿ. ಅದು 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಅಂದರೆ ಹೊರಗಿನ ವಿಳಾಸ ನಿಮ್ಮೊಬ್ಬರದಲ್ಲ, ಹಲವು ಗ್ರಾಹಕರಿಗೆ ಸೇರಿ ಒಂದು. ಎಷ್ಟು ಪೋರ್ಟ್ ಫಾರ್ವರ್ಡ್ ಮಾಡಿದರೂ ಹೊರಗಿನಿಂದ ಒಳಗೆ ದಾರಿ ಇಲ್ಲ. ಒಂದೋ ಲೈನಿನವರಿಂದ ಸ್ಟ್ಯಾಟಿಕ್ ಐಪಿ ಕೊಳ್ಳಬೇಕು, ಇಲ್ಲವೇ ಒಂದು ಚಿಕ್ಕ ಬಾಡಿಗೆ ವಿಪಿಎಸ್ (ಇಂಟರ್ನೆಟ್ಟಿನಲ್ಲಿರುವ ಸರ್ವರ್) ಹಿಡಿದು, ಅಲ್ಲಿಂದ ಆಫೀಸಿಗೆ ವೈರ್‌ಗಾರ್ಡ್ ಎಂಬ ವಿಪಿಎನ್ ಸುರಂಗ ಹಾಕಿ 5222ನ್ನು ಅದರೊಳಗೆ ತರಬೇಕು. ಸುರಂಗವನ್ನು ಆಫೀಸಿನ ಮೆಷಿನ್ನೇ ಹೊರಗೆ ಹೋಗಿ ತೆರೆಯುವುದರಿಂದ ಸಿಜಿನ್ಯಾಟ್ ಅಡ್ಡ ಬರುವುದಿಲ್ಲ. ಸುಮ್ಮನಿದ್ದಾಗ ಸುರಂಗ ಮುಚ್ಚಿಹೋಗದಂತೆ ಕೀಪ್‌ಅಲೈವ್ 25 ಸೆಕೆಂಡಿಗೆ ಇಡಿ.

ಹೊಸದಾಗಿ ಶುರುಮಾಡುವವರಿಗೆ ಇಲ್ಲೇ ಒಂದು ಮಾತು. ಖಾತೆಯ ಹೆಸರಿನಲ್ಲಿ ಅಟ್ ಚಿಹ್ನೆಯ ಮುಂದೆ ಬರುವ ಡೊಮೇನ್ ಹೆಸರನ್ನು ಆಮೇಲೆ ಬದಲಿಸುವುದೆಂದರೆ ಎಲ್ಲ ಖಾತೆ, ಗ್ರೂಪು, ದಾಖಲೆಯನ್ನು ಹೊಸದಾಗಿ ಕಟ್ಟಿದಂತೆ. ದುಡ್ಡು ಕೊಟ್ಟು ಸ್ವಂತ ಡೊಮೇನ್ ತಗೊಂಡು ಅದನ್ನೇ ಬಳಸಿ. "ಡಾಟ್ ಲೋಕಲ್" ಎಂದು ಕೊನೆಯಾಗುವ ಹೆಸರು ಬೇಡವೇ ಬೇಡ. ಅದು ಎಂಡಿಎನ್‌ಎಸ್‌ಗೆ (ಒಂದೇ ನೆಟ್‌ವರ್ಕಿನ ಸಾಧನಗಳು ತಾವೇ ಹೆಸರು ಹುಡುಕಿಕೊಳ್ಳುವ ವಿಧಾನ) ಮೀಸಲು, ಕೆಲವು ಫೋನಿನಲ್ಲಿ ಸಿಗುತ್ತದೆ, ಕೆಲವದರಲ್ಲಿ ಇಲ್ಲ. ಅದಕ್ಕೆ ಯಾರೂ ಸರ್ಟಿಫಿಕೇಟೂ (ಸರ್ವರಿನ ಗುರುತು ಖಚಿತಪಡಿಸುವ ಡಿಜಿಟಲ್ ಪತ್ರ) ಕೊಡುವುದಿಲ್ಲ.

ಪ್ರಶ್ನೆ: ಮೂರು ತಿಂಗಳು ಚೆನ್ನಾಗಿ ನಡೆದು, ಒಂದು ಬೆಳಿಗ್ಗೆ ಎಲ್ಲ ಫೋನಿನಲ್ಲೂ ಸರ್ಟಿಫಿಕೇಟ್ ಎರರ್. ಸರ್ಟ್‌ಬಾಟ್ ನೋಡಿದರೆ "ನವೀಕರಣ ಆಗಿದೆ" ಎನ್ನುತ್ತದೆ. – ಮಡಿಕೇರಿ

ಸರ್ಟಿಫಿಕೇಟ್ ತಾನಾಗಿ ತರುವ ಸಾಧನವಾದ ಸರ್ಟ್‌ಬಾಟ್ ಹೇಳುವುದು ನಿಜ. ಉಚಿತವಾಗಿ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನ ಸರ್ಟಿಫಿಕೇಟಿಗೆ 90 ದಿನ ಆಯಸ್ಸು, 30 ದಿನ ಉಳಿದಿರುವಾಗ ಅದು ಹೊಸದನ್ನು ತರುತ್ತದೆ. ಆದರೆ ತಂದದ್ದನ್ನು ಪ್ರೊಸೋಡಿ ನೋಡಿಲ್ಲ. ಅದು ಓಡುವುದು ಪ್ರೊಸೋಡಿ ಎಂಬ ಬೇರೆ ಬಳಕೆದಾರನಾಗಿ. ಸರ್ಟ್‌ಬಾಟ್ ಫೋಲ್ಡರಿನ ಖಾಸಗಿ ಕೀಲಿ ಓದುವ ಹಕ್ಕು ರೂಟ್‌ಗೆ (ಮೆಷಿನ್ನಿನ ಮುಖ್ಯ ಬಳಕೆದಾರ) ಮಾತ್ರ. ಮೊದಲ ಸಲ ಯಾರೋ ಕೈಯಾರೆ ಕಾಪಿ ಮಾಡಿಟ್ಟಿರುತ್ತಾರೆ, ಎರಡನೆಯ ಸಲ ಮಾಡುವವರಿಲ್ಲ. ಪ್ರೊಸೋಡಿಸಿಟಿಎಲ್‌ನ ಸರ್ಟ್ ಇಂಪೋರ್ಟ್ ಆದೇಶವನ್ನು ರೂಟ್ ಆಯ್ಕೆಯೊಂದಿಗೆ, ಸರ್ಟ್‌ಬಾಟ್‌ನ ಡಿಪ್ಲಾಯ್ ಹುಕ್ (ನವೀಕರಣದ ನಂತರ ತಾನಾಗಿ ಓಡುವ ಆದೇಶ) ಆಗಿ ಬರೆದಿಡಿ. ನವೀಕರಣವಾದಾಗಲೆಲ್ಲ ಅದೇ ಕಾಪಿ ಮಾಡಿ, ಹಕ್ಕು ಸರಿಪಡಿಸಿ, ಪ್ರೊಸೋಡಿಗೆ ತಿಳಿಸುತ್ತದೆ.

ಮೆಷಿನ್ನಿನ ಹೆಸರಿಗೆ ಪಡೆದ ಸರ್ಟಿಫಿಕೇಟೂ ಇದೇ ಥರದ ಎರರ್ ತರುತ್ತದೆ. ಫೋನು ಹುಡುಕುವುದು ಅಟ್ ಚಿಹ್ನೆಯ ಮುಂದಿನ ಡೊಮೇನಿಗೆ ಸರ್ಟಿಫಿಕೇಟ್ ಇದೆಯೇ ಎಂದು. ಒಳಗಿನ ಸರ್ವರಿಗೆ 80ನೇ ಪೋರ್ಟ್ ತೆರೆಯಲು ಮನಸ್ಸಿಲ್ಲದಿದ್ದರೆ ಡಿಎನ್‌ಎಸ್ ದಾಖಲೆಯ ಮೂಲಕ ದೃಢೀಕರಿಸುವ ವಿಧಾನ ಆರಿಸಿ. ಹೊರಗಿನಿಂದ ಒಂದೂ ಬಾಗಿಲು ತೆರೆಯಬೇಕಾಗಿಲ್ಲ.

ಪ್ರಶ್ನೆ: ಗುಡುಗು ಮಳೆ ಬಂದಾಗ ಗೋಡೌನಿನ ಕಡೆಯ ಸ್ವಿಚ್ ಸುಡುತ್ತದೆ. ಕರೆಂಟು ಹೋಗಿ ಬಂದಾಗ ಸರ್ವರ್ ಆಫ್ ಆಗಿಯೇ ಇರುತ್ತದೆ. ಸರಿಯಾದ ವ್ಯವಸ್ಥೆ ಹೇಗೆ? – ಸುಂಟಿಕೊಪ್ಪ

ಎರಡು ಕಟ್ಟಡಗಳ ನಡುವೆ ತಾಮ್ರದ ಲ್ಯಾನ್ ಕೇಬಲ್ ಎಳೆದಿದ್ದೀರಿ ಎಂದು ಊಹಿಸುತ್ತೇವೆ. ಹತ್ತಿರದಲ್ಲಿ ಸಿಡಿಲು ಬಿದ್ದರೆ ಎರಡು ಕಟ್ಟಡಗಳ ಅರ್ಥಿಂಗ್ ಮಟ್ಟದಲ್ಲಿ ವ್ಯತ್ಯಾಸ ಬಂದು ಆ ಕೇಬಲ್ಲಿನ ಮೂಲಕವೇ ಹರಿಯುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಇದು ಮತ್ತೆ ಮತ್ತೆ ಆಗುವುದೇ. ಅದೂ ಅಲ್ಲದೆ ತಾಮ್ರದ ಕೇಬಲ್ಲಿನ ಮಿತಿ 100 ಮೀಟರ್, ಗೋಣಿಕೊಪ್ಪಲಿನವರ 250 ಮೀಟರಿಗೆ ಅದು ಹೇಗೂ ಆಗದು. ಸಿಂಗಲ್ ಮೋಡ್ ಫೈಬರ್ ಎಳೆದು ಎರಡು ತುದಿಗೂ ಒಂದೊಂದು ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್ ಕೇಬಲ್ಲಿಗೆ ಬೆಸೆಯುವ ಪೆಟ್ಟಿಗೆ) ಇಡಿ. ಫೈಬರ್ ಕೊಳ್ಳುವಾಗ ಉಕ್ಕಿನ ಕವಚ ಅಥವಾ ತಂತಿ ಇರುವುದನ್ನು ತಂದರೆ ಸಿಡಿಲಿಗೆ ಮತ್ತೆ ಅದೇ ದಾರಿ ಕೊಟ್ಟಂತೆ. ಲೋಹವಿಲ್ಲದ, ಎಫ್‌ಆರ್‌ಪಿ (ನಾರಿನಿಂದ ಬಲಪಡಿಸಿದ ಪ್ಲಾಸ್ಟಿಕ್) ಕಡ್ಡಿ ಇರುವುದನ್ನೇ ಕೇಳಿ ತನ್ನಿ. ಕೇಬಲ್ ಬದಲು ಎರಡು ಕಟ್ಟಡಗಳ ನಡುವೆ ವೈಫೈ ಬ್ರಿಡ್ಜ್ ಹಾಕುವವರು ಅದನ್ನು ಫೆಬ್ರವರಿಯಲ್ಲಿ ಪರೀಕ್ಷಿಸಿ ಸಮಾಧಾನಪಡಬಾರದು. ನಡುವೆ ಸಿಲ್ವರ್ ಓಕ್ ಸಾಲು ಇದ್ದರೆ ಜುಲೈನ ನೆಂದ ಎಲೆ 5 ಗಿಗಾಹರ್ಟ್ಸ್ ಸಿಗ್ನಲನ್ನು ನುಂಗಿಬಿಡುತ್ತದೆ.

ಸರ್ವರ್ ತಾನಾಗಿ ಏಳಲು ಬಯೋಸ್‌ನಲ್ಲಿ, ಕರೆಂಟು ಬಂದಮೇಲೆ ಏನು ಮಾಡಬೇಕು ಎಂಬ ಆಯ್ಕೆಯನ್ನು "ಪವರ್ ಆನ್" ಮಾಡಿ. ಇನ್ವರ್ಟರ್ ಇದ್ದರೆ ಅದರ ಹಿಂದಿನ ಸ್ವಿಚ್ಚು ಯುಪಿಎಸ್ ಮೋಡ್‌ನಲ್ಲಿದೆಯೇ ನೋಡಿ. ನಾರ್ಮಲ್ ಮೋಡ್‌ನಲ್ಲಿ ಬದಲಾಗುವ ಕ್ಷಣ ಉದ್ದವಾಗಿ ಪಿಸಿ ರೀಸ್ಟಾರ್ಟ್ ಆಗುತ್ತದೆ. ಬ್ಯಾಟರಿ ಎಷ್ಟು ಹೊತ್ತು ಎಂಬ ಲೆಕ್ಕ ಸುಲಭ. ಮಿನಿ ಪಿಸಿ 15 ವ್ಯಾಟ್, ರೂಟರ್ ಮತ್ತು ಫೈಬರ್ ಪೆಟ್ಟಿಗೆ 20, ಸ್ವಿಚ್ 10, ಇನ್ವರ್ಟರಿನ ಸ್ವಂತ ಖರ್ಚು 15 ಎಂದರೆ ಒಟ್ಟು 60. ಹನ್ನೆರಡು ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ 1800 ವ್ಯಾಟ್ ಅವರ್. ಅರ್ಧ ಮಾತ್ರ ಬಳಸಿ, ಇನ್ವರ್ಟರಿನ ನಷ್ಟ ಕಳೆದರೆ 720 ಉಳಿಯಿತು, ಅಂದರೆ 12 ಗಂಟೆ. ಆ ಲೈನಿಗೆ ಫ್ಯಾನು, ಪ್ರಿಂಟರು ಸೇರಿಸಿದರೆ ಈ ಲೆಕ್ಕ ನಿಲ್ಲುವುದಿಲ್ಲ. ಗೋಡೌನಿನ ತುದಿಯ ಕನ್ವರ್ಟರು, ವೈಫೈ ಪೆಟ್ಟಿಗೆಗೂ ಒಂದು ಚಿಕ್ಕ ಡಿಸಿ ಯುಪಿಎಸ್ ಬೇಕು, ಇದನ್ನು ಮರೆಯುವವರೇ ಹೆಚ್ಚು.

ಪ್ರಶ್ನೆ: ಇಂಟರ್ನೆಟ್ ಹೋದಾಗಲೂ ನಡೆಯಲಿ ಎಂದೇ ತೋಟದ ಆಫೀಸಿನಲ್ಲಿ ಸರ್ವರ್ ಇಟ್ಟೆವು. ಆದರೆ ಲೈನ್ ಹೋದ ಕೂಡಲೇ ಅರ್ಧದಷ್ಟು ಫೋನುಗಳಿಗೆ ಮೆಸೇಜು ನಿಲ್ಲುತ್ತದೆ, ಪಿಸಿಗಳಿಗೆ ಬರುತ್ತಲೇ ಇರುತ್ತದೆ. – ಸಿದ್ದಾಪುರ

ಪಿಸಿಗಳಿಗೆ ಬರುತ್ತಿದೆ ಎಂದಮೇಲೆ ಸರ್ವರ್ ಸರಿಯಾಗಿದೆ. ವೈಫೈ ಇದೆ, ಆದರೆ ಅದರಲ್ಲಿ ಇಂಟರ್ನೆಟ್ ಇಲ್ಲ ಎಂದು ಕಂಡ ಆಂಡ್ರಾಯ್ಡ್ ಫೋನು ಸದ್ದಿಲ್ಲದೆ ಮೊಬೈಲ್ ಡೇಟಾಕ್ಕೆ ಜಿಗಿಯುತ್ತದೆ. ಅಲ್ಲಿಂದ ನಿಮ್ಮ 192.168.1.10 ಕಾಣುವುದಿಲ್ಲ. ವೈಫೈ ಸೆಟ್ಟಿಂಗಿನಲ್ಲಿ ತಾನಾಗಿ ಮೊಬೈಲ್ ಡೇಟಾಕ್ಕೆ ಬದಲಾಗುವ ಆಯ್ಕೆ ಇರುತ್ತದೆ (ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ), ಅದನ್ನು ಆಫ್ ಮಾಡಿ. "ಇಂಟರ್ನೆಟ್ ಇಲ್ಲ, ಆದರೂ ಇರಲೇ?" ಎಂದು ಕೇಳಿದರೆ "ಇರಲಿ, ಮತ್ತೆ ಕೇಳಬೇಡ" ಎನ್ನಿ.

ಪರದೆ ಆರಿದಾಗ ಮಾತ್ರ ಮೆಸೇಜು ತಡವಾದರೆ ಅದು ಬ್ಯಾಟರಿ ಉಳಿತಾಯದ ಕೆಲಸ. ಕಾನ್ವರ್ಸೇಶನ್ಸ್‌ಗೆ ಬ್ಯಾಟರಿ ನಿರ್ಬಂಧ ತೆಗೆದು, ಅದರೊಳಗಿನ ಫೋರ್‌ಗ್ರೌಂಡ್ ಸರ್ವಿಸ್ ಆನ್ ಮಾಡಿ. ಆಟೋಸ್ಟಾರ್ಟ್ ಅನುಮತಿ ಬೇರೆಯಾಗಿ ಕೇಳುವ ಫೋನುಗಳಲ್ಲಿ ಅದನ್ನೂ ಕೊಡಿ. ಐಫೋನಿಗೆ ಮಾತ್ರ ಇದಕ್ಕೆ ಮದ್ದಿಲ್ಲ. ಮಲಗಿದ ಆ್ಯಪನ್ನು ಎಬ್ಬಿಸುವುದು ಆ್ಯಪಲ್‌ನ ಸರ್ವರ್, ಅದಕ್ಕೆ ಇಂಟರ್ನೆಟ್ ಬೇಕೇ ಬೇಕು. ಲೈನ್ ಇಲ್ಲದ ಹೊತ್ತಿನಲ್ಲಿ ಐಫೋನಿನವರು ಆ್ಯಪ್ ತೆರೆದಾಗಲೇ ಮೆಸೇಜು ಕಾಣುತ್ತದೆ.

ಪ್ರಶ್ನೆ: ಮಾತು ಹೋಗುತ್ತದೆ, ಫೋಟೋ ಹೋಗುವುದಿಲ್ಲ. ಚಿಕ್ಕ ಫೋಟೋ ಹೋಗುತ್ತದೆ, ಕ್ಯಾಮೆರಾದಲ್ಲಿ ತೆಗೆದ ಚಲನ್ ಹೋಗುವುದಿಲ್ಲ. – ಪೊನ್ನಂಪೇಟೆ

ಚಿಕ್ಕದು ಹೋಗಿ ದೊಡ್ಡದು ಹೋಗದಿದ್ದರೆ ಪ್ರೊಸೋಡಿಯ ಮುಂದೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಕೂರಿಸಿದ್ದೀರಿ. ಅದರ ಮೂಲ ಮಿತಿ 1 ಎಂಬಿ, ಅದಕ್ಕಿಂತ ದೊಡ್ಡದನ್ನು 413 ಎಂದು ತಳ್ಳುತ್ತದೆ. ಕ್ಲೈಂಟ್ ಮ್ಯಾಕ್ಸ್ ಬಾಡಿ ಸೈಜ್ ಅನ್ನು ಪ್ರೊಸೋಡಿಯ ಮಿತಿಗಿಂತ ತುಸು ಹೆಚ್ಚಿಗೆ ಇಡಿ. ಪ್ರೊಸೋಡಿಯ ಎಚ್‌ಟಿಟಿಪಿ ಫೈಲ್ ಶೇರ್‌ನ ಮೂಲ ಮಿತಿ 10 ಎಂಬಿ. ಅದು ಫೈಲನ್ನು ಒಂದು ವಾರ ಇಟ್ಟು ಅಳಿಸುತ್ತದೆ ಎಂಬುದೂ ಗೊತ್ತಿರಲಿ, ಚಲನ್ ದಾಖಲೆಗೆ ಚಾಟನ್ನೇ ನಂಬಬೇಡಿ. ಯಾವ ಫೋಟೋವೂ ಹೋಗದಿದ್ದರೆ 5281 ಪೋರ್ಟ್ ಮುಚ್ಚಿದೆ, ಇಲ್ಲವೇ ಅಪ್‌ಲೋಡ್ ಉಪಡೊಮೇನಿನ ಹೆಸರು ಸರ್ಟಿಫಿಕೇಟಿನಲ್ಲಿಲ್ಲ.

ಪ್ರಶ್ನೆ: ನಮ್ಮದು ವಿಂಡೋಸ್ ಸರ್ವರ್, ಓಪನ್‌ಫೈರ್ ಹಾಕಿದ್ದೇವೆ. ಮನೆಯಿಂದಲೂ ನೋಡಿಕೊಳ್ಳಲು 9090 ಪೋರ್ಟ್ ಹೊರಗೆ ತೆರೆದಿದ್ದೇವೆ. ಪರವಾಗಿಲ್ಲವೇ? – ಕುಶಾಲನಗರ

ಇವತ್ತೇ ಮುಚ್ಚಿ. ಪಾಸ್‌ವರ್ಡ್ ಇಲ್ಲದೆಯೇ ಆ ಅಡ್ಮಿನ್ ಪುಟದೊಳಗೆ ನುಗ್ಗಬಹುದಾದ ದೋಷ 2023ರಲ್ಲಿ ಬಯಲಾಗಿ, ಅದನ್ನು ಬಳಸಿ ದಾಳಿಗಳೂ ನಡೆದವು. 4.6.8 ಮತ್ತು 4.7.5ರಲ್ಲಿ ಸರಿಪಡಿಸಿದ್ದಾರೆ. ಅದಕ್ಕಿಂತ ಹಳೆಯದಿದ್ದು ಪೋರ್ಟ್ ತೆರೆದಿತ್ತೆಂದರೆ ಅಪ್‌ಡೇಟ್ ಮಾಡಿದರಷ್ಟೇ ಸಾಲದು. ನಿಮಗೆ ಗೊತ್ತಿಲ್ಲದ ಅಡ್ಮಿನ್ ಖಾತೆ, ನೀವು ಹಾಕದ ಪ್ಲಗಿನ್ ಇವೆಯೇ ಹುಡುಕಿ. ಇದ್ದರೆ ಮೆಷಿನ್ ಒರೆಸಿ ಹೊಸದಾಗಿ ಹಾಕುವುದೇ ಸರಿ. ಮನೆಯಿಂದ ಬರಲು ವಿಪಿಎನ್ ಬಳಸಿ.

ಪ್ರಶ್ನೆ: ಕೆಲಸ ಬಿಟ್ಟವರ ಖಾತೆ ಏನು ಮಾಡಬೇಕು? ಹಳೆಯ ಮೆಸೇಜುಗಳನ್ನು ಮಾಲೀಕರು ಓದಬಹುದೇ? ಬ್ಯಾಕಪ್ ಹೇಗೆ? – ವಿರಾಜಪೇಟೆ

ಬಿಟ್ಟ ದಿನವೇ ಪಾಸ್‌ವರ್ಡ್ ಬದಲಿಸಿ, ತೆರೆದ ಸಂಪರ್ಕ ತುಂಡಾಗಲು ಸರ್ವರ್ ಒಮ್ಮೆ ರೀಸ್ಟಾರ್ಟ್ ಮಾಡಿ. ಖಾತೆ ಅಳಿಸಲು ಅವಸರ ಬೇಡ, ಅದರ ಜೊತೆ ದಾಖಲೆಯೂ ಹೋಗುತ್ತದೆ. ಗ್ರೂಪ್ಸ್ ಫೈಲಿನಿಂದ ಹೆಸರು ತೆಗೆಯಿರಿ. ಅವರ ಫೋನಿಗೆ ಆಗಲೇ ಇಳಿದ ಮೆಸೇಜನ್ನು ಯಾವ ಸರ್ವರೂ ವಾಪಸ್ ತರಲಾರದು.

ಓದುವ ಪ್ರಶ್ನೆಗೆ ಉತ್ತರ ಓಮೆಮೋ (ಕಳಿಸಿದವರು, ಪಡೆದವರು ಮಾತ್ರ ಓದಬಲ್ಲ ಎನ್‌ಕ್ರಿಪ್ಶನ್) ಆನ್ ಇದೆಯೇ ಎಂಬುದರ ಮೇಲೆ ನಿಂತಿದೆ. ಆನ್ ಇದ್ದರೆ ಸರ್ವರಿನಲ್ಲಿ ಉಳಿಯುವುದು ಬೀಗ ಹಾಕಿದ ಅಕ್ಷರ, ಮಾಲೀಕರಿಗೂ ಓದಲಾಗದು. ಫೋನು ಬದಲಿಸಿದವರಿಗೆ ತಮ್ಮದೇ ಹಳೆಯ ಮಾತೂ ಕಾಣದು. ಆಫ್ ಇದ್ದರೆ ಸರ್ವರ್ ನೋಡಿಕೊಳ್ಳುವವರು ಎಲ್ಲವನ್ನೂ ಓದಬಹುದು. ರೇಟು, ತೂಕದ ದಾಖಲೆ ಬೇಕಾದ ವ್ಯಾಪಾರದಲ್ಲಿ ಗ್ರೂಪುಗಳಿಗೆ ಆಫ್ ಇಡುವುದು ಸರಿ ಎಂಬುದು ನಮ್ಮ ಅಭಿಪ್ರಾಯ. ಆದರೆ ಹಾಗೆ ಇಟ್ಟಿದ್ದೀರಿ, ಇಷ್ಟು ದಿನ ಕಾದಿಡುತ್ತೀರಿ ಎಂದು ಕೆಲಸದವರಿಗೆ ಬರೆದು ತಿಳಿಸಿ. ವೈಯಕ್ತಿಕ ದತ್ತಾಂಶಕ್ಕೆ 2023ರ ಕಾಯ್ದೆ ಇದೆ ಎಂಬುದನ್ನು ನೆನಪಿಡಿ. ಪ್ರೊಸೋಡಿ ಮೂಲತಃ ಒಂದು ವಾರದ ಮೆಸೇಜು ಮಾತ್ರ ಇಡುತ್ತದೆ, ವರ್ಷದ ಲೆಕ್ಕ ಬೇಕಾದರೆ ಆರ್ಕೈವ್ ಅವಧಿ ಹೆಚ್ಚಿಸಿ. ಗ್ರೂಪಿನ ಮಾತು ಉಳಿಯಲು ಎಂಯುಸಿ ಮ್ಯಾಮ್ ಎಂಬ ಮಾಡ್ಯೂಲ್ ಬೇರೆಯೇ ಇದೆ, ಅದನ್ನು ಗ್ರೂಪಿನ ಕಾಂಪೊನೆಂಟ್ ಕೆಳಗೆ ಬರೆಯಬೇಕು.

ಬ್ಯಾಕಪ್‌ಗೆ ಎರಡೇ ಫೋಲ್ಡರು: ಇಟಿಸಿಯ ಕೆಳಗಿನ ಪ್ರೊಸೋಡಿ, ವಾರ್ ಲಿಬ್ ಕೆಳಗಿನ ಪ್ರೊಸೋಡಿ. ರಾತ್ರಿ ಸರ್ವಿಸ್ ನಿಲ್ಲಿಸಿ, ಎರಡನ್ನೂ ಕಟ್ಟಿ ಬೇರೆ ಡಿಸ್ಕಿಗೆ ಹಾಕಿ, ಮತ್ತೆ ಶುರುಮಾಡಿ. 22 ಜನದ್ದು ನಿಮಿಷದೊಳಗೆ ಮುಗಿಯುತ್ತದೆ. ಡಿಸ್ಕು ಅದೇ ಕೋಣೆಯಲ್ಲಿ ಇರಬಾರದು. ಮೇ ತಿಂಗಳಲ್ಲಿ ಒಮ್ಮೆ ಬೇರೆ ಪಿಸಿಯಲ್ಲಿ ಅದನ್ನು ತೆರೆದು, ಖಾತೆಗಳು ಲಾಗಿನ್ ಆಗುತ್ತವೆಯೇ ನೋಡಿಬಿಡಿ.

ಪ್ರಶ್ನೆ: ನಮ್ಮದು ನಾಲ್ಕು ಕೋಣೆಯ ಹೋಂಸ್ಟೇ, ಕೆಲಸಕ್ಕೆ ಮೂವರು. ನಮಗೂ ಸರ್ವರ್ ಬೇಕೇ? – ನಾಪೋಕ್ಲು

ಬೇಡ. ಆ ದುಡ್ಡಿನಲ್ಲಿ ಒಂದು ಜೋಡಿ ಕಾರ್ಡ್‌ಲೆಸ್ ಇಂಟರ್‌ಕಾಮ್ ತನ್ನಿ.